ನೊಣ ಬಂದ ಹೊತ್ತು: ಶವದ ಕೀಟಗಳ ನಡುವೆ ಕಲಿತ ಒಂಬತ್ತು ಪಾಠಗಳು

ಸಾವಿನ ನಂತರದ ಮೊದಲ ಒಂದೆರಡು ದಿನ ದೇಹವೇ ವೈದ್ಯರಿಗೆ ಸುಳಿವು ಕೊಡುತ್ತಿರುತ್ತದೆ. ಮೈ ತಣ್ಣಗಾಗುತ್ತದೆ, ಸೆಟೆದುಕೊಳ್ಳುತ್ತದೆ, ರಕ್ತ ತಗ್ಗಿನ ಭಾಗಕ್ಕೆ ಇಳಿದು ಕಲೆಗಟ್ಟುತ್ತದೆ. ಇದನ್ನೆಲ್ಲ ನೋಡಿ ಸಾವು ಯಾವಾಗ ಆಯಿತೆಂದು ಅಂದಾಜು ಮಾಡಬಹುದು. ನಮ್ಮ ಸೆಕೆಯಲ್ಲಿ ಈ ಗುರುತುಗಳು ಬೇಗ ಅಳಿಸಿಹೋಗುತ್ತವೆ. ತೋಟದ ಮೂಲೆಯಲ್ಲಿ, ಕೆರೆ ಏರಿಯ ಕೆಳಗೆ, ಬೀಗ ಹಾಕಿದ ಬಾಡಿಗೆ ಮನೆಯಲ್ಲಿ ವಾರ ಕಳೆದ ಮೇಲೆ ಸಿಕ್ಕಿದ ಶವದ ವಿಷಯದಲ್ಲಿ ಕಾಲದ ಲೆಕ್ಕ ಇಟ್ಟುಕೊಂಡಿರುವುದು ಕೀಟಗಳು ಮಾತ್ರ.

ನಾನು ಬೆಳೆಗಳ ಕೀಟ ಓದಿ, ಆಮೇಲೆ ಶವದ ಕೀಟಗಳ ಅಧ್ಯಯನಕ್ಕೆ ಬಂದವಳು. ಪೊಲೀಸರು ಕರೆದರೆ ಸ್ಥಳಕ್ಕೆ ಹೋಗುತ್ತೇನೆ, ವಿಧಿವೈದ್ಯರು ಕರೆದರೆ ಶವಾಗಾರಕ್ಕೆ. ಉಳಿದ ದಿನಗಳಲ್ಲಿ ಹಂದಿಯ ಕಳೇಬರಗಳನ್ನು ಬಯಲಲ್ಲಿಟ್ಟು, ಯಾವ ಕೀಟ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಬರೆದುಕೊಳ್ಳುತ್ತೇನೆ. ಈ ಕೆಲಸಕ್ಕೆ ಬರುವ ವಿದ್ಯಾರ್ಥಿಗಳಿಗೆ, ಮಹಜರಿಗೆ ಹೋಗುವ ಪಿಎಸ್‌ಐಗಳಿಗೆ, ಶವಪರೀಕ್ಷೆ ಮಾಡುವ ಯುವ ವೈದ್ಯರಿಗೆ ನಾನು ಹೇಳುತ್ತಾ ಬಂದಿರುವುದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

1. ಹುಳು ಹೇಳುವುದು ತಾನು ಬಂದ ಹೊತ್ತನ್ನು ಮಾತ್ರ

"ಮೇಡಂ, ಸತ್ತು ಎಷ್ಟು ದಿನ ಆಗಿದೆ ಹೇಳಿ." ಫೋನ್ ಎತ್ತಿದ ಕೂಡಲೇ ಕೇಳಿಬರುವ ಪ್ರಶ್ನೆ ಇದು. ಹುಳುವಿನ ವಯಸ್ಸು ನೋಡಿ ಇದಕ್ಕೆ ನೇರವಾಗಿ ಉತ್ತರಿಸಲು ಬರುವುದಿಲ್ಲ. ನೊಣ ಯಾವಾಗ ಮೊಟ್ಟೆ ಇಟ್ಟಿತು ಎಂಬುದನ್ನಷ್ಟೇ ನಾನು ಹೇಳಬಲ್ಲೆ. ಬಿಸಿಲಿನ ಹೊತ್ತಿನಲ್ಲಿ ಬಯಲಲ್ಲಿ ಬಿದ್ದ ದೇಹಕ್ಕೆ ಹಸಿರು-ನೀಲಿ ಹೊಳಪಿನ ಮಾಂಸದ ನೊಣಗಳು ನಿಮಿಷಗಳಲ್ಲೇ ಬರುತ್ತವೆ. ಕಣ್ಣು, ಮೂಗು, ಬಾಯಿ, ಗಾಯ, ಹೀಗೆ ತೇವ ಇರುವ ಕಡೆಯೇ ಮೊಟ್ಟೆ ಇಡುತ್ತವೆ. ಅಂಥ ಸಂದರ್ಭದಲ್ಲಿ ಸಾವಿಗೂ ಮೊಟ್ಟೆಗೂ ನಡುವಿನ ಅಂತರ ತೀರಾ ಕಡಿಮೆ. ಅದೇ ದೇಹ ಕಿಟಕಿ ಮುಚ್ಚಿದ ಕೋಣೆಯಲ್ಲಿದ್ದರೆ, ಗೋಣಿಯಲ್ಲಿದ್ದರೆ, ನೀರಿನಲ್ಲಿದ್ದರೆ ಆ ಅಂತರ ದಿನಗಟ್ಟಲೆ ಆಗಬಹುದು.

ಹಾಗಾಗಿ ನಮ್ಮ ಉತ್ತರ ಯಾವಾಗಲೂ "ಕನಿಷ್ಠ ಇಷ್ಟು ಕಾಲ" ಎಂದೇ ಇರುತ್ತದೆ. ಅಲ್ಲಿಂದ ಸಾವಿನ ಹೊತ್ತಿಗೆ ಹೋಗುವ ದಾರಿಯನ್ನು ಹುಡುಕಬೇಕಾದದ್ದು ಸ್ಥಳದಲ್ಲಿ, ಹವಾಮಾನದಲ್ಲಿ, ದೇಹದ ಸ್ಥಿತಿಯಲ್ಲಿ. ಮುಂದಿನ ಪಾಠಗಳೆಲ್ಲ ಆ ದಾರಿಯನ್ನು ಕುರಿತವೇ.

2. ಮೊದಲು ದೇಹದ ಸುತ್ತ ನೋಡಿ

ಶವ ಕಂಡ ಕೂಡಲೇ ಎಲ್ಲರ ಕಣ್ಣು ಹೋಗುವುದು ಮುಖದ ಮೇಲೆ ಗಿಜಿಗುಟ್ಟುವ ಹುಳುಗಳತ್ತ. ಅವೇ ಅಲ್ಲಿನ ಅತ್ಯಂತ ಹಳೆಯ ಕೀಟಗಳು ಎಂದು ತಿಳಿಯಬಾರದು. ಹೊಟ್ಟೆ ತುಂಬಿದ ಮರಿಹುಳು ಆಹಾರ ಬಿಟ್ಟು, ಒಣ ಜಾಗ ಹುಡುಕುತ್ತಾ ಹರಿದುಹೋಗುತ್ತದೆ. ಹಲವು ಮೀಟರ್ ದೂರ ಹೋಗಿ ತರಗೆಲೆಯ ಕೆಳಗೆ, ಸಡಿಲ ಮಣ್ಣಿನಲ್ಲಿ, ಮನೆಯೊಳಗಾದರೆ ಚಾಪೆಯ ಅಡಿಯಲ್ಲಿ, ಹೊಸ್ತಿಲ ಸಂದಿಯಲ್ಲಿ, ಗೋಡೆಯ ಬುಡದಲ್ಲಿ ಕೋಶ ಕಟ್ಟುತ್ತದೆ. ಮೊದಲು ಬಂದ ನೊಣದ ಸಂತತಿ ಇರುವುದು ಅಲ್ಲಿ. ನಮಗೆ ಬೇಕಾದ ಅತಿ ಹಳೆಯ ಸಾಕ್ಷಿ ಅದೇ.

ಕೋಶದ ಬಣ್ಣವನ್ನೂ ನೋಡಿ. ಆಗತಾನೇ ಕಟ್ಟಿದ ಕೋಶ ಬೆಳ್ಳಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಕೆಂಪುಗಂದಾಗಿ, ಆಮೇಲೆ ಕಡುಕಂದಾಗುತ್ತದೆ. ಒಂದು ತುದಿ ಒಡೆದ ಖಾಲಿ ಕೋಶ ಸಿಕ್ಕಿತೆಂದರೆ ಅಲ್ಲಿ ನೊಣದ ಒಂದು ಪೀಳಿಗೆ ಪೂರ್ತಿ ಮುಗಿದಿದೆ ಎಂದರ್ಥ. ಒಣಗಿದ ಕಾಳಿನಂತೆ ಕಾಣುವುದರಿಂದ ಇದನ್ನು ಯಾರೂ ಎತ್ತಿಟ್ಟುಕೊಳ್ಳುವುದಿಲ್ಲ. ಗುಡಿಸಿದ ಕಸದ ಜೊತೆ ಹೊರಟೇಹೋಗುತ್ತದೆ.

ನನ್ನ ಕ್ರಮ ಹೀಗೆ: ದೇಹ ಎತ್ತುವ ಮುಂಚೆ ಹಾರುವ ನೊಣಗಳನ್ನು ಬಲೆಯಲ್ಲಿ ಹಿಡಿಯುವುದು, ಆಮೇಲೆ ದೇಹದ ಬೇರೆ ಬೇರೆ ಭಾಗದ ಹುಳುಗಳನ್ನು ಬೇರೆ ಬೇರೆ ಸೀಸೆಗೆ ಹಾಕುವುದು, ದೇಹ ಎತ್ತಿದ ಮೇಲೆ ಅದರ ಅಡಿಯ ಮಣ್ಣು, ಕೊನೆಗೆ ಸುತ್ತಲಿನ ಮಣ್ಣನ್ನು ಕೆದಕಿ ಜರಡಿ ಹಿಡಿಯುವುದು.

3. ಅರ್ಧ ಕೊಲ್ಲಿ, ಅರ್ಧ ಸಾಕಿ

ಸ್ಥಳದಲ್ಲಿ ತೆಗೆದ ಹುಳುಗಳನ್ನು ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಕುದಿ ಬಂದು ಇಳಿಸಿದ ಬಿಸಿ ನೀರಿಗೆ ಅರ್ಧ ನಿಮಿಷ ಹಾಕಿ, ಆಮೇಲೆ 80 ಶೇಕಡಾ ಎಥೆನಾಲ್‌ನಲ್ಲಿ ಇಡಬೇಕು. ಬಿಸಿ ನೀರಿನಲ್ಲಿ ಸತ್ತ ಹುಳು ನೆಟ್ಟಗೆ ಚಾಚಿಕೊಂಡಿರುತ್ತದೆ, ಉದ್ದ ಸರಿಯಾಗಿ ಅಳೆಯಬಹುದು. ಜೀವಂತ ಹುಳುವನ್ನು ನೇರವಾಗಿ ಸ್ಪಿರಿಟ್‌ಗೆ ಹಾಕಿದರೆ ಮುದುಡಿ ಕಪ್ಪಾಗುತ್ತದೆ. ಫಾರ್ಮಲಿನ್ ಅಂತೂ ಬೇಡವೇ ಬೇಡ. ಅದು ಹುಳುವನ್ನು ಗಟ್ಟಿಯಾಗಿಸುತ್ತದೆ, ಡಿಎನ್‌ಎಯನ್ನು ಹಾಳುಮಾಡುತ್ತದೆ. ಶವಾಗಾರದಲ್ಲಿ ಕೈಗೆ ಮೊದಲು ಸಿಗುವುದು ಫಾರ್ಮಲಿನ್ ಆದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಇನ್ನೊಂದು ಪಾಲನ್ನು ಜೀವಂತವಾಗಿ ತಂದು, ಕುರಿಯ ಯಕೃತ್ತಿನ ತುಂಡಿನ ಮೇಲೆ ಬಿಟ್ಟು, ನೊಣ ಆಗುವವರೆಗೆ ಸಾಕಬೇಕು. ಮರಿಹುಳುವಿನಲ್ಲಿ ಜಾತಿ ಗುರುತಿಸುವುದು ಕಷ್ಟ, ಹಾರುವ ನೊಣದಲ್ಲಿ ಸುಲಭ. ಸೀಸೆಯೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಲಿ: ಕ್ರೈಂ ನಂಬರ್ ಅಥವಾ ಯುಡಿಆರ್ (ಅಸಹಜ ಸಾವಿನ ವರದಿ) ನಂಬರ್, ದೇಹದ ಯಾವ ಭಾಗ, ದಿನಾಂಕ, ಗಂಟೆ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.

ಹುಳುವಿನ ಹಂತವನ್ನು ಅದರ ಹಿಂಭಾಗ ನೋಡಿ ತಿಳಿಯುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಎರಡು ಕಂದು ಚುಕ್ಕೆಗಳು ಕಾಣುತ್ತವೆ. ಅವು ಹುಳು ಉಸಿರಾಡುವ ರಂಧ್ರಗಳು. ಪ್ರತಿ ಚುಕ್ಕೆಯಲ್ಲಿ ಎರಡು ಸೀಳಿದ್ದರೆ ಎರಡನೆಯ ಹಂತ, ಮೂರು ಸೀಳಿದ್ದರೆ ಮೂರನೆಯ ಹಂತ. ಮೂರನೆಯ ಹಂತದ ಹುಳುವಿನ ಮುಂಭಾಗದಲ್ಲಿ, ಚರ್ಮದಡಿ ಕಪ್ಪಗೆ ಒಂದು ಚೀಲ ಕಂಡರೆ ಅದಿನ್ನೂ ತಿನ್ನುತ್ತಿತ್ತು. ಆ ಚೀಲ ಬರಿದಾಗಿ ಹುಳು ಕೆನೆಬಣ್ಣಕ್ಕೆ ತಿರುಗಿದ್ದರೆ ತಿನ್ನುವುದನ್ನು ಮುಗಿಸಿ ಹೊರಟ ಹುಳು ಅದು. ಎರಡರ ಉದ್ದವೂ ಹೆಚ್ಚುಕಡಿಮೆ ಒಂದೇ ಇರಬಹುದು, ವಯಸ್ಸು ಮಾತ್ರ ಬೇರೆ.

4. ದಿನ ಎಣಿಸಬೇಡಿ, ಶಾಖ ಎಣಿಸಿ

ಹುಳು ಬೆಳೆಯುವುದು ಕ್ಯಾಲೆಂಡರ್ ನೋಡಿಕೊಂಡು ಅಲ್ಲ. ಒಂದು ಹಂತಕ್ಕಿಂತ ಕೆಳಗಿನ ತಾಪದಲ್ಲಿ ಅದರ ಬೆಳವಣಿಗೆ ನಿಂತೇಬಿಡುತ್ತದೆ. ಅದಕ್ಕಿಂತ ಮೇಲಿನ ಪ್ರತಿ ಡಿಗ್ರಿಯೂ ಪ್ರತಿ ಗಂಟೆಯೂ ಕೂಡುತ್ತಾ ಹೋಗುತ್ತವೆ. ಈ ಮೊತ್ತವನ್ನು ಡಿಗ್ರಿ-ಗಂಟೆ ಎನ್ನುತ್ತೇವೆ.

ಒಂದು ಲೆಕ್ಕ ಮಾಡಿ ನೋಡೋಣ. ಬೆಳವಣಿಗೆ ನಿಲ್ಲುವ ತಾಪ 10 ಡಿಗ್ರಿ ಎಂದಿಟ್ಟುಕೊಳ್ಳಿ. ಸರಾಸರಿ 26 ಡಿಗ್ರಿ ಇರುವ ಊರಲ್ಲಿ ಒಂದು ದಿನಕ್ಕೆ ಹುಳುವಿಗೆ ಸಿಗುವುದು 16ನ್ನು 24ರಿಂದ ಗುಣಿಸಿದಷ್ಟು, ಅಂದರೆ 384 ಡಿಗ್ರಿ-ಗಂಟೆ. ಸರಾಸರಿ 20 ಡಿಗ್ರಿ ಇರುವ ಊರಲ್ಲಿ 240 ಮಾತ್ರ. ಮೊದಲ ಊರಲ್ಲಿ 3 ದಿನಕ್ಕೆ ತಲುಪುವ ಹಂತಕ್ಕೆ ಎರಡನೆಯ ಊರಲ್ಲಿ ಹತ್ತಿರ ಹತ್ತಿರ 5 ದಿನ ಬೇಕು. ಬಳ್ಳಾರಿಯ ಏಪ್ರಿಲ್‌ಗೂ ಮಡಿಕೇರಿಯ ಜುಲೈಗೂ ಒಂದೇ ಅಳತೆಗೋಲು ಹಿಡಿದರೆ ನಿರಪರಾಧಿ ಜೈಲಿಗೆ ಹೋಗಬಹುದು, ಅಪರಾಧಿ ಹೊರಗೆ ತಿರುಗಾಡಿಕೊಂಡಿರಬಹುದು.

ತಾಪದ ಅಂಕಿಗಳ ವಿಷಯದಲ್ಲಿ ಕರ್ನಾಟಕದಲ್ಲಿ ನಮಗೊಂದು ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಆದರೂ ಆ ಅಂಕಿಯನ್ನು ಹಾಗೇ ಬಳಸಬಾರದು. ಅಡಿಕೆ ತೋಟದ ನೆರಳೂ ಕಲ್ಲುಬಂಡೆಯ ಬಿಸಿಲೂ ಒಂದೇ ಹೋಬಳಿಯಲ್ಲಿರುತ್ತವೆ. ಶವ ಸಿಕ್ಕ ಜಾಗದಲ್ಲಿ ಕೆಲವು ದಿನ ತಾಪಮಾಪಕ ಇಟ್ಟು, ಅದನ್ನು ಹೋಬಳಿಯ ಅಂಕಿಯ ಜೊತೆ ಹೋಲಿಸಿ, ಹಿಂದಿನ ದಿನಗಳ ಲೆಕ್ಕ ತಿದ್ದಿಕೊಳ್ಳಬೇಕು.

ಸಾವಿರಾರು ಹುಳುಗಳು ಒಟ್ಟಾಗಿ ತಿನ್ನುವಾಗ ಅವುಗಳ ರಾಶಿಯೇ ಬಿಸಿಯೇರುತ್ತದೆ ಎಂಬುದೂ ನೆನಪಿರಲಿ. ಸುತ್ತಲಿಗಿಂತ 10ರಿಂದ 20 ಡಿಗ್ರಿ ಹೆಚ್ಚು ಇರುವುದುಂಟು. ಆ ರಾಶಿಯ ನಡುವಿನ ತಾಪವನ್ನು ಸ್ಥಳದಲ್ಲೇ ಅಳೆಯಬೇಕು. ಶವಾಗಾರದ ಶೈತ್ಯಾಗಾರಕ್ಕೆ ದೇಹ ಹೋದ ಗಂಟೆಯೂ ದಾಖಲಾಗಬೇಕು, ಅಲ್ಲಿಂದ ಮುಂದೆ ಹುಳುವಿನ ಬೆಳವಣಿಗೆ ನಿಧಾನವಾಗುತ್ತದೆ.

5. ಜಾತಿ ಗೊತ್ತಾಗದೆ ವಯಸ್ಸು ಹೇಳಬೇಡಿ

ನಮ್ಮ ಕಡೆ ಶವದ ಮೇಲೆ ಹೆಚ್ಚಾಗಿ ಸಿಗುವುದು ಕ್ರೈಸೊಮಿಯ ಮೆಗಾಸೆಫಲ ಎಂಬ ನೊಣ. ಹೊಳೆಯುವ ಹಸಿರು-ನೀಲಿ ಮೈ, ದೊಡ್ಡ ಕೆಂಪು ಕಣ್ಣು. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ನೊಣವಾಗುವುದಕ್ಕೆ ಸುಮಾರು 10 ದಿನ ಸಾಕು. ಅದರ ಸಂಬಂಧಿಯಾದ ಕ್ರೈಸೊಮಿಯ ರೂಫಿಫೇಸಿಸ್‌ನ ಹುಳು ಮೈತುಂಬ ಮುಳ್ಳಿನಂಥ ಉಬ್ಬುಗಳನ್ನು ಹೊತ್ತಿರುತ್ತದೆ. ಅದು ಶವವನ್ನು ತಿನ್ನುವುದಲ್ಲದೆ ಬೇರೆ ನೊಣಗಳ ಹುಳುಗಳನ್ನೂ ತಿನ್ನುತ್ತದೆ. ಮೊದಲು ಬಂದವರ ಸಾಕ್ಷಿಯನ್ನೇ ಅದು ಅಳಿಸಿಹಾಕಬಹುದು. ಬೂದು ಪಟ್ಟೆಯ ಸಾರ್ಕೊಫಾಗ ನೊಣವಂತೂ ಮೊಟ್ಟೆ ಇಡದೆ ನೇರವಾಗಿ ಜೀವಂತ ಮರಿಗಳನ್ನೇ ಬಿಡುತ್ತದೆ. ಅದನ್ನು ಬೇರೆ ನೊಣ ಎಂದುಕೊಂಡರೆ ಮೊಟ್ಟೆಯ ಹಂತದ ಗಂಟೆಗಳನ್ನು ತಪ್ಪಾಗಿ ಸೇರಿಸಿಬಿಡುತ್ತೇವೆ.

ಜಾತಿ ಗುರುತಿಸಿ ವಯಸ್ಸು ಹೇಳಿದ್ದಕ್ಕೆ ಒಳ್ಳೆಯ ಉದಾಹರಣೆ 1935ರದ್ದು. ಸ್ಕಾಟ್ಲೆಂಡಿನ ಮಾಫಟ್ ಊರಿನ ಬಳಿ ಸೇತುವೆಯ ಕೆಳಗೆ ಇಬ್ಬರು ಹೆಂಗಸರ ದೇಹದ ತುಂಡುಗಳು ಸಿಕ್ಕವು. ಅವುಗಳಲ್ಲಿದ್ದ ಕ್ಯಾಲಿಫೊರ ನೊಣದ ಹುಳುಗಳಿಗೆ 12ರಿಂದ 14 ದಿನ ಆಗಿದೆ ಎಂದು ಗ್ಲಾಸ್ಗೊದ ಡಾ. ಅಲೆಕ್ಸಾಂಡರ್ ಮರ್ನ್ಸ್ ಲೆಕ್ಕ ಹಾಕಿದರು. ಆ ಇಬ್ಬರೂ ಕಾಣೆಯಾದ ದಿನಕ್ಕೆ ಅದು ಸರಿಹೊಂದಿತು. ಮುಂಬೈಯಲ್ಲಿ ಹುಟ್ಟಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ನೆಲೆಸಿದ್ದ ವೈದ್ಯ ಬಕ್ ರಕ್ಸ್‌ಟನ್‌ಗೆ, ಅವರಲ್ಲೊಬ್ಬಳಾದ ತನ್ನ ಸಂಗಾತಿಯನ್ನು ಕೊಂದದ್ದಕ್ಕಾಗಿ 1936ರಲ್ಲಿ ಗಲ್ಲಾಯಿತು. ಅಲ್ಲಿ ಹುಳುಗಳ ಸಾಕ್ಷ್ಯ ಒಂಟಿಯಾಗಿರಲಿಲ್ಲ. ತಲೆಬುರುಡೆಯ ಗುರುತು, ಬೆರಳಚ್ಚು, ತುಂಡುಗಳನ್ನು ಸುತ್ತಿದ್ದ ಪತ್ರಿಕೆ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಕೀಟ ಸಾಕ್ಷ್ಯ ಗಟ್ಟಿಯಾಗಿ ನಿಲ್ಲುವುದು ಹೀಗೆ ಉಳಿದ ಸಾಕ್ಷ್ಯಗಳ ಜೊತೆಯಲ್ಲಿ.

6. ನೊಣಕ್ಕೆ ಅಡ್ಡಿಯಾದದ್ದು ಏನು ಎಂದು ಹುಡುಕಿ

ಹವಾಯಿಯ ಕೀಟಶಾಸ್ತ್ರಜ್ಞ ಲೀ ಗಾಫ್ ಅವರ ಒಂದು ಪ್ರಕರಣವನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಕಂಬಳಿಗಳಲ್ಲಿ ಬಿಗಿಯಾಗಿ ಸುತ್ತಿದ್ದ ಒಬ್ಬ ಹೆಂಗಸಿನ ಶವ. ಹುಳುಗಳ ವಯಸ್ಸು ಹತ್ತೂವರೆ ದಿನ ಎನ್ನುತ್ತಿತ್ತು, ಆಕೆ ಕಾಣೆಯಾಗಿ 13 ದಿನ ಆಗಿತ್ತು. ಗಾಫ್ ಊಹೆಗೆ ಬಿಡಲಿಲ್ಲ. ಹಂದಿಯ ಕಳೇಬರವನ್ನು ಅದೇ ರೀತಿ ಸುತ್ತಿಟ್ಟು ಕಾದರು. ನೊಣಗಳು ಒಳಗೆ ದಾರಿ ಮಾಡಿಕೊಳ್ಳುವುದಕ್ಕೆ ಎರಡೂವರೆ ದಿನ ಹಿಡಿಯಿತು. ಲೆಕ್ಕ ಕೂಡಿತು.

ವಿಷವೂ ಅಡ್ಡಿಯಾಗುತ್ತದೆ. ಮ್ಯಾಲಥಿಯಾನ್‌ನಂಥ ಕೀಟನಾಶಕ ಕುಡಿದು ಸತ್ತವರ ಬಾಯಿಯ ಬಳಿ ನೊಣ ಮೊಟ್ಟೆ ಇಡುವುದು ತಡವಾಗಬಹುದು. ನಮ್ಮ ಹಳ್ಳಿಗಳಲ್ಲಿ ಬೆಳೆಗೆ ತಂದ ಔಷಧಿಯೇ ಎಷ್ಟೋ ಜನರ ಪ್ರಾಣ ತೆಗೆದಿದೆ. ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ. ಕೊಕೇನ್ ಇರುವ ಅಂಗಾಂಶ ತಿಂದ ಹುಳು ವೇಗವಾಗಿ ಬೆಳೆಯುತ್ತದೆ ಎಂದೂ ಗಾಫ್ ತೋರಿಸಿದ್ದಾರೆ. ಇದಕ್ಕೊಂದು ಉಪಯುಕ್ತ ಮುಖವೂ ಇದೆ: ರಕ್ತ, ಯಕೃತ್ತು ಪರೀಕ್ಷೆಗೆ ಸಿಗದಷ್ಟು ಕೊಳೆತ ಶವದಲ್ಲಿ, ಅದನ್ನು ತಿಂದ ಹುಳುಗಳಲ್ಲೇ ವಿಷವನ್ನು ಪತ್ತೆ ಮಾಡಬಹುದು. ವಿಸೆರಾ (ಪರೀಕ್ಷೆಗೆ ತೆಗೆದ ಒಳಾಂಗಗಳು) ಜೊತೆ ಒಂದು ಸೀಸೆ ಹುಳುವನ್ನೂ ಕಳಿಸಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.

ಇದಕ್ಕೆ ತದ್ವಿರುದ್ಧವಾದ ಸಂದರ್ಭ ಇನ್ನೂ ನೋವಿನದ್ದು. ಹಾಸಿಗೆ ಹಿಡಿದ ವೃದ್ಧರ ಬೆನ್ನಿನ ಹುಣ್ಣಿಗೆ, ಕಾಲು ಕೊಳೆತ ಸಕ್ಕರೆ ಕಾಯಿಲೆಯವರಿಗೆ ಬದುಕಿದ್ದಾಗಲೇ ಹುಳು ಬೀಳುತ್ತದೆ. ಅಂಥವರು ತೀರಿಕೊಂಡರೆ ಹುಳುವಿನ ವಯಸ್ಸು ಸಾವಿಗಿಂತ ಹಿಂದಕ್ಕೆ ಹೋಗುತ್ತದೆ. ಕಣ್ಣು ಬಾಯಿಯಲ್ಲಿ ಸಣ್ಣ ಹುಳು, ಬೆನ್ನಿನ ಹುಣ್ಣಿನಲ್ಲಿ ದೊಡ್ಡ ಹುಳು ಇದ್ದರೆ ಇದನ್ನು ಮೊದಲು ಯೋಚಿಸಬೇಕು. ಆಗ ಆ ಹುಳುಗಳು ಸಾವಿನ ಹೊತ್ತಿನ ಜೊತೆಗೆ ಆರೈಕೆಯಿಲ್ಲದ ದಿನಗಳನ್ನೂ ಹೇಳುತ್ತಿರುತ್ತವೆ. ಜರ್ಮನಿಯ ಮಾರ್ಕ್ ಬೆನೆಕೆ ಇಂಥ ನಿರ್ಲಕ್ಷ್ಯದ ಪ್ರಕರಣಗಳನ್ನು ದಾಖಲಿಸಿದ್ದಾರೆ.

7. ಹುಳು ಇಲ್ಲದಿರುವುದೂ ಸಾಕ್ಷಿಯೇ

2001ರ ಜುಲೈ 8ರ ರಾತ್ರಿ ಅಮೆರಿಕದ ಲಾಸ್ ವೇಗಸ್‌ನಲ್ಲಿ, ಕಸದ ತೊಟ್ಟಿಯ ಪಕ್ಕ ಬಯಲಲ್ಲಿ ಒಬ್ಬನ ಶವ ಸಿಕ್ಕಿತು. ಮೈತುಂಬ ಗಾಯ. ಕೊಲೆ ಅಂದು ಬೆಳಗಿನ ಜಾವ ನಡೆದಿದೆ ಎಂದು ಸರ್ಕಾರಿ ವಕೀಲರು ವಾದಿಸಿದರು. ಒಬ್ಬ ತರುಣಿಗೆ ಶಿಕ್ಷೆಯಾಯಿತು. ಅಂದು ಹಗಲು ಸಂಜೆ ಆಕೆ ಬಹುದೂರದ ತನ್ನ ಊರಿನಲ್ಲಿದ್ದಳು. ವರ್ಷಗಳ ನಂತರ ಕೀಟಶಾಸ್ತ್ರಜ್ಞರು ಚಿತ್ರಗಳನ್ನು ನೋಡಿ ಒಂದು ಸರಳ ಮಾತು ಹೇಳಿದರು: ಜುಲೈ ತಿಂಗಳ ಹಗಲಿಡೀ ಈ ಗಾಯಗಳು ಬಯಲಲ್ಲಿ ಇದ್ದಿದ್ದರೆ ನೊಣದ ಮೊಟ್ಟೆಗಳು ಇರಲೇಬೇಕಿತ್ತು. ಒಂದೂ ಇಲ್ಲ. ಹಾಗಾದರೆ ಸಾವು ಸಂಜೆಯ ಹೊತ್ತಿಗೆ, ಬಹುಶಃ ಕತ್ತಲಾದ ಮೇಲೆ ಆಗಿದೆ. 2017ರ ಡಿಸೆಂಬರ್‌ನಲ್ಲಿ ಆಕೆಯ ಶಿಕ್ಷೆ ರದ್ದಾಯಿತು.

ನೊಣಗಳು ಸಾಮಾನ್ಯವಾಗಿ ಕತ್ತಲಲ್ಲಿ ಮೊಟ್ಟೆ ಇಡುವುದಿಲ್ಲ. ಅಪರೂಪಕ್ಕೆ ಇಟ್ಟ ದಾಖಲೆಗಳೂ ಇವೆ. ಆದ್ದರಿಂದ ಮಹಜರಿನಲ್ಲಿ "ಕಣ್ಣು, ಮೂಗು, ಬಾಯಿ, ಗಾಯ ಪರಿಶೀಲಿಸಲಾಯಿತು, ಮೊಟ್ಟೆ ಅಥವಾ ಹುಳು ಇಲ್ಲ" ಎಂಬ ಸಾಲು ಬರೆಯಿಸಿ, ಹತ್ತಿರದಿಂದ ಫೋಟೊ ತೆಗೆಯಿಸಿ. ನೋಡಿದೆವು, ಇರಲಿಲ್ಲ ಎಂಬುದಕ್ಕೂ ನೋಡಲೇ ಇಲ್ಲ ಎಂಬುದಕ್ಕೂ ನ್ಯಾಯಾಲಯದಲ್ಲಿ ಅಜಗಜಾಂತರ.

8. ಬೇರೆಯವರ ಅಂಕಿ ದಾರಿ ತೋರಿಸುತ್ತದೆ, ಊರು ಮುಟ್ಟಿಸುವುದಿಲ್ಲ

ಕೀಟಗಳು ಶವಕ್ಕೆ ಸರದಿಯಲ್ಲಿ ಬರುತ್ತವೆ ಎಂದು ಫ್ರಾನ್ಸಿನ ಮೆನ್ಯಾಂ 1894ರಲ್ಲೇ ಪುಸ್ತಕ ಬರೆದು, ಎಂಟು ಅಲೆಗಳನ್ನು ಗುರುತಿಸಿದರು. ಮೊದಲು ನೊಣ, ಆಮೇಲೆ ಹುಳು ತಿನ್ನುವ ದುಂಬಿ, ಕೊನೆಗೆ ಒಣ ಚರ್ಮ ತಿನ್ನುವ ದುಂಬಿ. ಕೀಟಗಳು ಮಾಡುವ ಕೆಲಸ ಎಷ್ಟು ದೊಡ್ಡದೆಂದು ತೋರಿಸಿದ್ದು ಜೆರ್ರಿ ಪೇನ್. ಅಮೆರಿಕದ ದಕ್ಷಿಣ ಕೆರೊಲೈನದಲ್ಲಿ ಹಂದಿಮರಿಗಳ ಕಳೇಬರ ಇಟ್ಟು ಅವರು ಮಾಡಿದ ಪ್ರಯೋಗ 1965ರಲ್ಲಿ ಪ್ರಕಟವಾಯಿತು. ಕೀಟಗಳಿಗೆ ತೆರೆದಿಟ್ಟ ಕಳೇಬರದ 90 ಶೇಕಡಾ 6 ದಿನಗಳಲ್ಲಿ ಮುಗಿದುಹೋಯಿತು. ಕೀಟ ಬಾರದಂತೆ ಮುಚ್ಚಿಟ್ಟದ್ದು ನಿಧಾನವಾಗಿ ಒಣಗುತ್ತಾ ತಿಂಗಳುಗಟ್ಟಲೆ ತನ್ನ ಆಕಾರ ಉಳಿಸಿಕೊಂಡಿತು. ಅಲ್ಲಿಗೆ ಬಂದ ಜೀವಿಗಳು 522 ಜಾತಿಯವು.

ಮನುಷ್ಯರ ದೇಹದ ಮೇಲೆಯೇ ಅಧ್ಯಯನ ಬೇಕು ಎಂದು ಹೊರಟವರು ಟೆನೆಸಿಯ ವಿಲಿಯಂ ಬಾಸ್. 1977ರಲ್ಲಿ, ಅಗೆದು ಕದಡಿದ್ದ ಹಳೆಯ ಸಮಾಧಿಯೊಂದರ ಶವವನ್ನು ನೋಡಿ, ಸತ್ತು ಒಂದು ವರ್ಷವೂ ಆಗಿಲ್ಲ ಎಂದು ಅವರು ಅಂದಾಜು ಮಾಡಿದ್ದರು. ಅದು 1864ರಲ್ಲಿ ಯುದ್ಧದಲ್ಲಿ ಮಡಿದ ಕರ್ನಲ್ ಶೈ ಅವರ ದೇಹ. ಲೇಪನ ಮಾಡಿ ಕಬ್ಬಿಣದ ಪೆಟ್ಟಿಗೆಯಲ್ಲಿ ಹೂತಿದ್ದರಿಂದ ಕೆಟ್ಟಿರಲಿಲ್ಲ. ಕೊಳೆಯುವಿಕೆಯ ಬಗ್ಗೆ ನಮಗೆ ತಿಳಿದದ್ದು ಸಾಲದು ಎಂದು ಮನಗಂಡ ಬಾಸ್, ನಾಕ್ಸ್‌ವಿಲ್‌ನಲ್ಲಿ 1981ರಲ್ಲಿ ಬಯಲು ಸಂಶೋಧನಾ ಕೇಂದ್ರ ಶುರುಮಾಡಿದರು. ಅವರ ವಿದ್ಯಾರ್ಥಿ ರೊಡ್ರಿಗಸ್ ಜೊತೆ 1983ರಲ್ಲಿ ಪ್ರಕಟಿಸಿದ ಪ್ರಬಂಧ, ಮನುಷ್ಯರ ಶವಕ್ಕೆ ಬರುವ ಕೀಟಗಳ ಸರದಿಗೂ ಕೊಳೆಯುವ ವೇಗಕ್ಕೂ ಇರುವ ಸಂಬಂಧವನ್ನು ತೋರಿಸಿತು. ತಮ್ಮ ದೇಹವನ್ನು ಅಲ್ಲಿಗೆ ದಾನವಾಗಿ ಕೊಟ್ಟವರಿಗೆ ನಮ್ಮ ಇಡೀ ಶಾಸ್ತ್ರ ಋಣಿಯಾಗಿದೆ.

ಆದರೂ ನಾಕ್ಸ್‌ವಿಲ್‌ನ ಅಂಕಿ ಅಲ್ಲಿಯದೇ. ಅಲ್ಲಿ ಚಳಿಗಾಲದಲ್ಲಿ ನೊಣ ಸುಳಿಯುವುದೇ ಕಡಿಮೆ, ನಮ್ಮಲ್ಲಿ ವರ್ಷವಿಡೀ ಹಾರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಚರ್ಮ ಬೇಗ ಒಣಗಿ ದುಂಬಿಗಳ ಸರದಿ ಮುಂದಕ್ಕೆ ಬರುತ್ತದೆ. ಆಗುಂಬೆಯ ಮಳೆಯಲ್ಲಿ ನೊಣ ಹಾರುವುದಕ್ಕೇ ಬಿಡುವು ಸಿಗುವುದಿಲ್ಲ. ಇರುವೆಗಳು ಮೊಟ್ಟೆಗಳನ್ನು ಹೊತ್ತೊಯ್ದು ಒಂದು ದಿನದ ಸಾಕ್ಷಿಯನ್ನೇ ಇಲ್ಲವಾಗಿಸುತ್ತವೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದ ಭಾರ್ತಿ ಮತ್ತು ಸಿಂಗ್ ಅವರು ಮೊಲದ ಕಳೇಬರಗಳ ಮೇಲೆ ಕೀಟಗಳ ಸರದಿಯನ್ನು ದಾಖಲಿಸಿ 2003ರಲ್ಲಿ ಪ್ರಕಟಿಸಿದರು. ಅಂಥ ಕೆಲಸ ನಮ್ಮ ಬಯಲುಸೀಮೆ, ಮಲೆನಾಡು, ಕರಾವಳಿ ಮೂರರಲ್ಲೂ, ಮೂರೂ ಕಾಲದಲ್ಲೂ ಆಗಬೇಕು. ಕೀಟಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳು ವಿಷಯ ಹುಡುಕುತ್ತಿದ್ದರೆ ಇದಕ್ಕಿಂತ ಉಪಯುಕ್ತವಾದದ್ದು ನನಗೆ ಕಾಣುವುದಿಲ್ಲ.

9. ಕೇಳಿದವರಿಗೆ ಬೇಕಾದದ್ದನ್ನಲ್ಲ, ನಿಮಗೆ ಗೊತ್ತಿರುವಷ್ಟನ್ನು ಹೇಳಿ

ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಎರಡೂ ಕಡೆಯ ವಕೀಲರಿಗೆ ಬೇಕಾಗುವುದು ಒಂದೇ ದಿನಾಂಕ, ಒಂದೇ ಗಂಟೆ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಟ್ಟಿದೆ. ಅದು ಅಭಿಪ್ರಾಯ ಎಂಬುದನ್ನು ನಾವು ಮರೆಯಬಾರದು. "ಕನಿಷ್ಠ 4 ದಿನ, 4ರಿಂದ 6 ದಿನದ ನಡುವೆ ಇರುವ ಸಾಧ್ಯತೆ ಹೆಚ್ಚು, ದೇಹ ಸುತ್ತಿದ್ದರೆ ಇನ್ನೂ ಹಿಂದಕ್ಕೆ ಹೋಗಬಹುದು" ಎಂದು ಹೇಳುವುದು ದೌರ್ಬಲ್ಯವಲ್ಲ. ಶಾಸ್ತ್ರ ನಿಂತಿರುವ ಜಾಗ ಅದೇ. ಪಾಟೀಸವಾಲಿನಲ್ಲಿ ಎಷ್ಟು ಒತ್ತಿದರೂ ಆ ಅಂತರವನ್ನು ಕಿರಿದು ಮಾಡಬೇಡಿ.

ಮನೆಯವರು ಕೇಳುವುದು ಬೇರೆ ರೀತಿ. ಒಂಟಿಯಾಗಿದ್ದ ತಂದೆಯನ್ನು ಕಳೆದುಕೊಂಡ ಮಗಳೊಬ್ಬಳು ಶವಾಗಾರದ ಹೊರಗೆ ಕೇಳಿದಳು: "ಅಪ್ಪನ್ನ ಈ ಹುಳ ಎಲ್ಲಾ ಜೀವ ಇದ್ದಾಗ್ಲೇ ತಿಂತಾ ಇದ್ವಾ ಮೇಡಂ?" ಗಾಯವಿಲ್ಲದ ದೇಹ, ಹುಳುಗಳೆಲ್ಲ ಒಂದೇ ವಯಸ್ಸಿನವು. "ಇಲ್ಲಮ್ಮ, ಅವರು ಹೋದಮೇಲೆ ಬಂದವು" ಎಂದೆ. ನನ್ನ ಸೂಕ್ಷ್ಮದರ್ಶಕಕ್ಕೆ ಕಂಡದ್ದನ್ನೇ ಹೇಳಿದ್ದೆ. ವರದಿಯ ಭಾಷೆಯಲ್ಲಿ ಹೇಳುವುದನ್ನು ಮನೆಯವರಿಗೆ ಮನುಷ್ಯರ ಭಾಷೆಯಲ್ಲಿ ಹೇಳುವುದೂ ಈ ವೃತ್ತಿಯ ಭಾಗ ಎಂದು ನಂಬಿದ್ದೇನೆ.

ಇನ್ನು ಆಗಬೇಕಾದ ಕೆಲಸ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಎನ್ನುತ್ತದೆ. ಆ ತಜ್ಞರ ಚೀಲದಲ್ಲಿ, ಪ್ರತಿ ಠಾಣೆಯ ಬೀರುವಿನಲ್ಲಿ ಇಷ್ಟು ಇರಲಿ: ಹನ್ನೆರಡು ಸಣ್ಣ ಸೀಸೆ, ಎಥೆನಾಲ್, ಬಿಸಿ ನೀರಿನ ಫ್ಲಾಸ್ಕ್, ಮೃದುವಾದ ಚಿಮಟ, ಬಣ್ಣದ ಕುಂಚ, ತೆಳುಬಟ್ಟೆಯ ಬಲೆ, ಜರಡಿ, ತಾಪಮಾಪಕ, ಪೆನ್ಸಿಲ್. ಸಾವಿರ, ಎರಡು ಸಾವಿರ ರೂಪಾಯಿಯ ಸಾಮಾನು. ಜಾತಿ ಗುರುತಿಸಲು ನಮ್ಮ ನಾಡಿನಲ್ಲಿ ಜನ ಇದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ, ಜಿಕೆವಿಕೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೀಟಶಾಸ್ತ್ರ ವಿಭಾಗಗಳಿವೆ. ಠಾಣೆ, ಶವಾಗಾರ, ಕೀಟಶಾಸ್ತ್ರ ವಿಭಾಗ ಈ ಮೂರರ ನಡುವೆ ಒಂದು ಫೋನ್ ನಂಬರಿನ ಸಂಪರ್ಕ ಏರ್ಪಟ್ಟರೆ, ಶವ ಕಳಿಸುವವರಿಂದ ಕೇಳಿಬರುವ "ಹುಳ ತೊಳೆದು ಕಳಿಸಿದೀವಿ" ಎಂಬ ಮಾತು ನಿಲ್ಲುತ್ತದೆ. ಶವದ ಮೇಲಿನ ಹುಳುಗಳನ್ನು ತೊಳೆಯುವ ಮುಂಚೆ ಒಂದು ಸೀಸೆ ತುಂಬಿಸಿಕೊಳ್ಳಿ. ಹೆಸರೇ ಗೊತ್ತಿಲ್ಲದ ಒಬ್ಬ ಸತ್ತ ವ್ಯಕ್ತಿಯ ಪರವಾಗಿ ನ್ಯಾಯಾಲಯಕ್ಕೆ ಹೋಗುವ ಸಾಕ್ಷ್ಯ ಅದೊಂದೇ ಇರಬಹುದು.